ಮದುವೆಯ ಮರುಉಡುಗೊರೆಗೆ ಮನೆಯಲ್ಲೇ ಚೀಲ, ಪೆಟ್ಟಿಗೆ, ಅಡಿಕೆ ಹಾಳೆಯ ಸಂಚಿ: ಕಡಿಮೆ ಖರ್ಚಿನ ಒಂದು ಸಮಗ್ರ ಮಾರ್ಗದರ್ಶಿ

ಕಾಸರಗೋಡಿನ ನಮ್ಮ ಕಡೆಯ ಮದುವೆಗಳಲ್ಲಿ ಊಟ ಮುಗಿಸಿ ಹೊರಟವರನ್ನು ಬರಿಗೈಯಲ್ಲಿ ಕಳುಹಿಸುವ ಪದ್ಧತಿ ಎಂದೂ ಇರಲಿಲ್ಲ. ಹಿಂದೆ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿಗಳು ನೇರವಾಗಿ ಕೈಗೆ ಅಥವಾ ಸೆರಗಿಗೆ ಬೀಳುತ್ತಿದ್ದವು. ಈಗ ಅವುಗಳ ಜೊತೆಗೆ ಒಂದು ಲಾಡು, ಒಂದಿಷ್ಟು ಗೋಡಂಬಿ, ಕುಂಕುಮದ ಭರಣಿ ಅಥವಾ ತರಕಾರಿ ಬೀಜದ ಪೊಟ್ಟಣ ಸೇರುವುದರಿಂದ ಅವೆಲ್ಲವನ್ನೂ ಹಿಡಿಸುವ ಚೀಲವೊಂದು ಬೇಕಾಗುತ್ತದೆ. ಅಂಗಡಿಯಲ್ಲಿ ಸಿಗುವ ಹೊಳಪಿನ ಚೀಲಗಳಿಗೆ ಕೊಡುವ ಹಣ ಕೆಲವೊಮ್ಮೆ ಒಳಗಿನ ವಸ್ತುವಿನ ಬೆಲೆಯನ್ನೇ ಮೀರಿಸುತ್ತದೆ, ಮತ್ತು ಆ ಚೀಲ ನೆಂಟರ ಮನೆಗೆ ತಲುಪಿದ ಮರುದಿನವೇ ಕಸವಾಗುತ್ತದೆ. ಕೇರಳದಲ್ಲಿ 2020ರ ಜನವರಿ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಾಮಗ್ರಿಗಳಿಗೆ ನಿಷೇಧವಿದೆ. ಮನೆಮನೆಯ ಪ್ಲಾಸ್ಟಿಕ್ಕನ್ನು ಸ್ಥಳೀಯಾಡಳಿತದ ಕಸ ಸಂಗ್ರಹ ತಂಡವಾದ ಹರಿತ ಕರ್ಮ ಸೇನೆಯವರು ಶುಲ್ಕ ಪಡೆದು ಒಯ್ಯುವುದರಿಂದ, ನಾವು ಪ್ರೀತಿಯಿಂದ ಕೊಟ್ಟ ಚೀಲದ ವಿಲೇವಾರಿಯ ಖರ್ಚನ್ನು ನಮ್ಮ ಅತಿಥಿಗಳೇ ಹೊರಬೇಕಾಗುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಕುಟುಂಬದ ಒಂದು ಮದುವೆಗೆ 220 ಕಟ್ಟುಗಳನ್ನು ಮನೆಯಲ್ಲೇ ತಯಾರಿಸುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಆಗ ಮಾಡಿದ ತಪ್ಪುಗಳಿಂದ, ನಂತರ ನೆಂಟರಿಷ್ಟರ ಮದುವೆಗಳಲ್ಲಿ ತಿದ್ದಿಕೊಂಡ ಕ್ರಮದಿಂದ ನನಗೆ ಮನದಟ್ಟಾದದ್ದು ಇಷ್ಟು: ಖರ್ಚು ಉಳಿಯುವುದು ಅಗ್ಗದ ಸಾಮಗ್ರಿಯನ್ನು ಹುಡುಕುವುದರಿಂದಲ್ಲ, ಒಳಗಿಡುವ ವಸ್ತುವನ್ನು ಅಳೆದು ಅದಕ್ಕೆ ತಕ್ಕಂತೆ ಚೂರೂ ಪೋಲಾಗದ ಹಾಗೆ ಕತ್ತರಿಸುವುದರಿಂದ, ಮತ್ತು ಹಿತ್ತಲಿನಲ್ಲಿ ಬೀಳುವುದನ್ನು ಬಿಸಿಲಿರುವಾಗಲೇ ಒಣಗಿಸಿ ಇಟ್ಟುಕೊಳ್ಳುವುದರಿಂದ. ಕೆಳಗಿನ ವಿವರಗಳೆಲ್ಲವೂ ಈ ಮಾತಿನ ವಿಸ್ತರಣೆಯೇ ಆಗಿವೆ.

ಮೊದಲು ಒಳಗಿನ ವಸ್ತು, ಆಮೇಲೆ ಹೊದಿಕೆ

ಹೆಚ್ಚಿನವರು ಚೀಲದ ಮಾದರಿಯನ್ನು ಮೊದಲು ಮೆಚ್ಚಿಕೊಂಡು, ಅದರೊಳಗೆ ಏನನ್ನು ತುಂಬುವುದೆಂದು ಆಮೇಲೆ ಯೋಚಿಸುತ್ತಾರೆ. ಈ ಕ್ರಮ ತಪ್ಪು. ಕೊಡಲಿರುವ ವಸ್ತುಗಳನ್ನು ಮೇಜಿನ ಮೇಲೆ ಇಟ್ಟು, ಅವುಗಳನ್ನು ಮೂರು ಗುಂಪಾಗಿ ವಿಂಗಡಿಸಿಕೊಳ್ಳಿ. ವೀಳ್ಯದೆಲೆ, ಹೂವುಗಳಂತಹ ಹಸಿ ವಸ್ತುಗಳು ಒಂದು ಗುಂಪು. ಲಾಡು, ಹುರಿದ ಗೋಡಂಬಿಯಂತಹ ಜಿಡ್ಡಿನ ತಿನಿಸುಗಳು ಇನ್ನೊಂದು. ಇಡೀ ತೆಂಗಿನಕಾಯಿ, ಗೋಟಡಿಕೆ, ಕುಂಕುಮದ ಭರಣಿ, ಬೀಜಗಳಂತಹ ಒಣ ವಸ್ತುಗಳು ಮೂರನೆಯದು. ಹಸಿಯೂ ಒಣವೂ ಒಂದೇ ಪೊಟ್ಟಣದಲ್ಲಿ ಸೇರಿದರೆ ಎರಡೂ ಕೆಡುತ್ತವೆ. ನಮ್ಮ ಕರಾವಳಿಯ ಹವೆಯಲ್ಲಿ ಗಾಳಿಯೇ ತೇವವಾಗಿರುವುದರಿಂದ, ಒಂದು ಒದ್ದೆ ಎಲೆ ಇಡೀ ಕಾಗದದ ಪೆಟ್ಟಿಗೆಯನ್ನು ಅರ್ಧ ದಿನದಲ್ಲಿ ಮೆತ್ತಗಾಗಿಸಬಲ್ಲದು.

ಹೊದಿಕೆಯನ್ನು ಆರಿಸುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಒಳಗಿನದು ತೀರಿದ ಮೇಲೆ ಇದು ಅತಿಥಿಯ ಮನೆಯಲ್ಲಿ ಏನಾಗುತ್ತದೆ? ಬಟ್ಟೆಯ ಚೀಲವಾದರೆ ಅದರಲ್ಲಿ ಮೆಣಸೋ ಪುನರ್ಪುಳಿಯೋ ತುಂಬಿಕೊಂಡು ಅಡುಗೆಮನೆಯಲ್ಲಿ ಉಳಿಯುತ್ತದೆ. ಅಡಿಕೆ ಹಾಳೆಯ ಸಂಚಿಯಾದರೆ ಸೂಜಿದಾರ ಇಡಲು ಒದಗುತ್ತದೆ, ಇಲ್ಲವಾದರೆ ತೆಂಗಿನ ಬುಡ ಸೇರಿ ಗೊಬ್ಬರವಾಗುತ್ತದೆ. ಮಿಂಚಿನ ಪುಡಿ, ಪ್ಲಾಸ್ಟಿಕ್ ರಿಬ್ಬನ್, ಥರ್ಮೋಕೋಲಿನ ಮಣಿ ಇವು ಯಾವುದಕ್ಕೂ ಒದಗುವುದಿಲ್ಲ.

ಸಂಖ್ಯೆಯನ್ನು ತಲೆಯ ಲೆಕ್ಕದಲ್ಲಿ ಹಿಡಿಯದೆ ಮನೆಯ ಲೆಕ್ಕದಲ್ಲಿ ಹಿಡಿಯಿರಿ. ಹೇಳಿಕೆ ಕಾಗದ (ಆಮಂತ್ರಣ ಪತ್ರಿಕೆ) ಹಂಚಿದ ಪಟ್ಟಿ ಹೇಗೂ ಇರುತ್ತದೆ. 600 ಜನ ಊಟಕ್ಕೆ ಕುಳಿತರೂ ಮನೆಗಳು 200ರ ಆಸುಪಾಸಿನಲ್ಲಿರಬಹುದು. ಮನೆಗೊಂದರಂತೆ ಕೊಡುವುದಾದರೆ ಅದಕ್ಕೆ ನೂರಕ್ಕೆ ಹತ್ತರಷ್ಟು ಸೇರಿಸಿದರೆ ಸಾಕು; ಪುರೋಹಿತರು, ಅಡುಗೆಯವರು, ವಾದ್ಯದವರು, ಬಡಿಸಲು ಬಂದ ಊರವರು ಆ ಹತ್ತರೊಳಗೆ ಬರುತ್ತಾರೆ. ಅವರನ್ನು ಪಟ್ಟಿಯಲ್ಲಿ ಬರೆಯದೆ ಬಿಟ್ಟರೆ ಕೊನೆಯ ಗಳಿಗೆಯಲ್ಲಿ ಅವರಿಗೇ ಕೊರತೆಯಾಗುತ್ತದೆ, ಹಾಗಾಗಬಾರದು.

ತೆಂಗಿನಕಾಯಿ ಹಿಡಿಸುವ ಬಟ್ಟೆ ಚೀಲ

ತಾಂಬೂಲದ ಚೀಲಕ್ಕೆ ಬಿಳುಪು ಮಾಡದ ಕೋರಾ ಹತ್ತಿ ಬಟ್ಟೆ ಎಲ್ಲಕ್ಕಿಂತ ಒಳ್ಳೆಯದು. ಅಳತೆಯನ್ನು ಊಹಿಸಬೇಡಿ. ಸುಲಿದ ತೆಂಗಿನಕಾಯಿಗಳಲ್ಲಿ ದೊಡ್ಡದೊಂದನ್ನು ತೆಗೆದು ಅದರ ಹೊಟ್ಟೆಯ ಸುತ್ತಳತೆಯನ್ನು ದಾರದಿಂದ ಅಳೆಯಿರಿ. ಆ ಅಳತೆಯ ಅರ್ಧಕ್ಕೆ 3 ಸೆಂಟಿಮೀಟರ್ ಸೇರಿಸಿದರೆ ಹೊಲಿದು ಮುಗಿದ ಚೀಲಕ್ಕೆ ಇರಬೇಕಾದ ಅಗಲ ಸಿಗುತ್ತದೆ. ಸುತ್ತಳತೆ 34 ಸೆಂ.ಮೀ. ಇದ್ದರೆ ಚೀಲದ ಅಗಲ ಕನಿಷ್ಠ 20 ಸೆಂ.ಮೀ. ಇರಬೇಕು. ಎತ್ತರ 28 ಸೆಂ.ಮೀ. ಇದ್ದರೆ ಕಾಯಿಯ ಮೇಲೆ ಅಡಿಕೆ, ಕುಂಕುಮ, ಒಂದು ಸಣ್ಣ ಪೆಟ್ಟಿಗೆ ಇಟ್ಟು ಬಾಯಿ ಬಿಗಿಯಲು ಸ್ಥಳವಿರುತ್ತದೆ.

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಒಂದು ಅಗಲ 36 ಇಂಚು, ಅಂದರೆ 91 ಸೆಂ.ಮೀ. ಇದನ್ನು ಉದ್ದಕ್ಕೆ ನಾಲ್ಕು ಪಟ್ಟಿಗಳಾಗಿ ಮಾಡಿದರೆ ಪ್ರತಿ ಪಟ್ಟಿ 22.5 ಸೆಂ.ಮೀ. ಆಗುತ್ತದೆ. ಎರಡೂ ಪಕ್ಕ ಒಂದೊಂದು ಸೆಂ.ಮೀ. ಹೊಲಿಗೆಗೆ ಹೋದರೆ ಉಳಿಯುವುದು 20.5 ಸೆಂ.ಮೀ.; ನಮಗೆ ಬೇಕಾದದ್ದು ಅಷ್ಟೇ. ಪ್ರತಿ ಚೀಲಕ್ಕೆ ಪಟ್ಟಿಯ ಉದ್ದ 62 ಸೆಂ.ಮೀ. ಇರಬೇಕು: ಮುಂದಿನ ಮತ್ತು ಹಿಂದಿನ ಮುಖಗಳಿಗೆ 28ರಂತೆ 56, ಬಾಯಿಯ ಮಡಿಕೆಗೆ ಎರಡೂ ಕಡೆ 3ರಂತೆ 6. ನೂರು ಚೀಲಗಳಿಗೆ 25 ಸಾಲುಗಳು, ಅಂದರೆ 15.5 ಮೀಟರ್ ಬಟ್ಟೆ ಬೇಕು. ಕೋರಾ ಬಟ್ಟೆ ನೀರು ತಾಗಿದಾಗ ಕುಗ್ಗುವುದರಿಂದ 17 ಮೀಟರ್ ಕೊಳ್ಳಿ. ಮೀಟರಿಗೆ 50 ರೂಪಾಯಿ ಎಂದು ಇಟ್ಟುಕೊಂಡರೆ 850 ರೂಪಾಯಿ, ಚೀಲವೊಂದಕ್ಕೆ ಎಂಟೂವರೆ ರೂಪಾಯಿ. ನಿಮ್ಮ ಪೇಟೆಯ ದರವನ್ನು ಹಾಕಿ ಇದೇ ಲೆಕ್ಕವನ್ನು ಕೊಳ್ಳುವ ಮೊದಲೇ ಮಾಡಿಕೊಳ್ಳಿ. ಬೇರೆ ಅಗಲದ ಬಟ್ಟೆ ಸಿಕ್ಕಿದರೆ ಎಷ್ಟು ಪಟ್ಟಿಗಳು ಬರುತ್ತವೆ, ಎಷ್ಟು ಅಂಚು ವ್ಯರ್ಥವಾಗುತ್ತದೆ ಎಂದು ನೋಡಿ. ಮೀಟರಿಗೆ ಅಗ್ಗವೆನಿಸಿದ ಬಟ್ಟೆ ಚೀಲಕ್ಕೆ ದುಬಾರಿಯಾಗುವುದುಂಟು.

ಕೆಲಸದ ಕ್ರಮ ಹೀಗಿದೆ. ಬಟ್ಟೆಯನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಗಂಜಿ ಬಿಡುವಂತೆ ಹಿಂಡಿ, ಒಣಗಿಸಿ ಇಸ್ತ್ರಿ ಹಾಕಿ. ಆಮೇಲೆ ಪಟ್ಟಿಗಳನ್ನು ಕತ್ತರಿಯಿಂದ ಕತ್ತರಿಸುವ ಬದಲು, ಅಂಚಿನಲ್ಲಿ ಅಳತೆಗೆ ಸರಿಯಾಗಿ ಸಣ್ಣ ಕಚ್ಚು ಹಾಕಿ ಕೈಯಿಂದ ಹರಿಯಿರಿ. ಸಾದಾ ನೇಯ್ಗೆಯ ಹತ್ತಿ ಬಟ್ಟೆ ನೂಲಿನ ಗುಂಟವೇ ನೇರವಾಗಿ ಹರಿಯುವುದರಿಂದ ಗೆರೆ ಎಳೆಯುವ ಶ್ರಮ ತಪ್ಪುತ್ತದೆ ಮತ್ತು ಯಾವ ಚೀಲವೂ ಓರೆಯಾಗುವುದಿಲ್ಲ. 62 ಸೆಂ.ಮೀ. ತುಂಡುಗಳಾದ ಮೇಲೆ, ಪ್ರತಿ ತುಂಡಿನ ನಾಲ್ಕು ಮೂಲೆಗಳಲ್ಲಿ ಪಕ್ಕದ ಅಂಚನ್ನು 1 ಸೆಂ.ಮೀ. ಒಳಗೆ ಮಡಿಸಿ, ಅದರ ಮೇಲೆ ಬಾಯಿಯ ಅಂಚನ್ನು ಮೊದಲು ಅರ್ಧ, ಮತ್ತೆ ಎರಡೂವರೆ ಸೆಂ.ಮೀ. ಮಡಿಸಿ ಹೊಲಿಯಿರಿ. ಇದು ದಾರ ಓಡುವ ಕೊಳವೆಯಾಗುತ್ತದೆ. ಬಳಿಕ ಒಳಮೈ ಹೊರಗೆ ಬರುವಂತೆ ತುಂಡನ್ನು ನಡುವೆ ಮಡಿಸಿ, ಎರಡೂ ಪಕ್ಕಗಳನ್ನು ತಳದಿಂದ ಕೊಳವೆಯ ಕೆಳಗಿನ ಹೊಲಿಗೆಯ ತನಕ ಮಾತ್ರ ಹೊಲಿದು, ಅಲ್ಲಿ ಹಿಂದೆ ಮುಂದೆ ಎರಡು ಸಲ ಓಡಿಸಿ ಗಟ್ಟಿ ಮಾಡಿ. ಕೊಳವೆಯ ಬಾಯನ್ನು ಹೊಲಿದುಬಿಡುವುದು ಎಲ್ಲರೂ ಮಾಡುವ ತಪ್ಪು. ಮೊದಲ ಹತ್ತು ಚೀಲಗಳಲ್ಲಿ ಅದನ್ನು ಒಬ್ಬರು ಪರೀಕ್ಷಿಸುತ್ತಿರಬೇಕು.

ಒಂದೊಂದು ಚೀಲವನ್ನು ಪೂರ್ತಿ ಹೊಲಿದು ಮುಗಿಸುವ ಬದಲು ನೂರು ತುಂಡುಗಳ ಬಾಯಿಯನ್ನು ಮೊದಲು ಹೊಲಿಯಿರಿ. ನಡುವೆ ದಾರ ತುಂಡರಿಸದೆ ಒಂದರ ಹಿಂದೆ ಒಂದನ್ನು ಸೂಜಿಯ ಕೆಳಗೆ ತಳ್ಳುತ್ತಾ ಹೋದರೆ ತೋರಣದಂತೆ ಉದ್ದಕ್ಕೆ ಬರುತ್ತವೆ, ಕೊನೆಗೆ ಒಟ್ಟಿಗೆ ಕತ್ತರಿಸಬಹುದು. ಇದರಿಂದ ದಾರವೂ ಸಮಯವೂ ಉಳಿಯುತ್ತದೆ.

ಬಾಯಿ ಬಿಗಿಯುವ ದಾರಕ್ಕೆ ಪ್ರತಿ ಚೀಲಕ್ಕೂ 60 ಸೆಂ.ಮೀ. ಬೇಕು. ಇಲ್ಲಿ ಹಳೆಯ ಸೀರೆಯ ಅಂಚು ಬಹಳ ಚೆನ್ನಾಗಿ ಒದಗುತ್ತದೆ. ಭೌಗೋಳಿಕ ಗುರುತು ಪಡೆದಿರುವ ನಮ್ಮ ಕಾಸರಗೋಡು ಸೀರೆ ಹತ್ತಿಯ ಕೈಮಗ್ಗದ್ದು; ಮೈ ಜೀರ್ಣವಾದರೂ ಅದರ ಅಂಚು ಗಟ್ಟಿಯಾಗಿ ಉಳಿದಿರುತ್ತದೆ. ಐದೂವರೆ ಮೀಟರ್ ಉದ್ದದ ಸೀರೆಯ ಎರಡು ಅಂಚುಗಳಿಂದ 60 ಸೆಂ.ಮೀ.ನ 18 ದಾರಗಳು ಬರುತ್ತವೆ, ಅಗಲವಾದ ಅಂಚನ್ನು ಸೀಳಿದರೆ ಅದರ ಇಮ್ಮಡಿ. ಹಾಗೆಂದು ಚೀಲವನ್ನೇ ಹಳೆಯ ಸೀರೆ, ವೇಷ್ಟಿಗಳಿಂದ ಹೊಲಿಯುವ ಮೊದಲು ಮನೆಯ ಹಿರಿಯರನ್ನು ಕೇಳಿ. ಮಂಗಳಕಾರ್ಯದ ತಾಂಬೂಲಕ್ಕೆ ಉಟ್ಟ ಬಟ್ಟೆ ಬೇಡವೆಂಬ ಭಾವನೆ ಹಲವು ಮನೆಗಳಲ್ಲಿದೆ, ಅದನ್ನು ಗೌರವಿಸಬೇಕು. ತಾಂಬೂಲಕ್ಕೆ ಹೊಸ ಕೋರಾ, ಹಳೆಯ ಸೀರೆಯಿಂದ ಉಳಿದ ಬಗೆಯ ಚೀಲಗಳು ಎಂದು ನಾವು ಹೊಂದಿಸಿಕೊಂಡಿದ್ದೆವು.

ಅಂಟಿಲ್ಲದ ಕಾಗದದ ಪೆಟ್ಟಿಗೆ

ಗೋಡಂಬಿ, ಕಲ್ಲುಸಕ್ಕರೆ, ಒಣದ್ರಾಕ್ಷಿಗಳಿಗೆ ಮಡಿಕೆಯಿಂದಲೇ ನಿಲ್ಲುವ ಪೆಟ್ಟಿಗೆ ಸಾಕು. ಶಾಲೆಯ ಸಾಮಾನಿನ ಅಂಗಡಿಯಲ್ಲಿ ಸಿಗುವ 22 ಇಂಚು ಅಗಲ, 28 ಇಂಚು ಉದ್ದದ ಚಾರ್ಟ್ ಹಾಳೆ 56 ಮತ್ತು 71 ಸೆಂ.ಮೀ. ಇರುತ್ತದೆ. ಅದರಲ್ಲಿ ಅಗಲಕ್ಕೆ 3, ಉದ್ದಕ್ಕೆ 4ರಂತೆ 17.7 ಸೆಂ.ಮೀ.ನ 12 ಚೌಕಗಳು ಬರುತ್ತವೆ. ಪೆಟ್ಟಿಗೆಗೆ ಒಂದು ಚೌಕ, ಮುಚ್ಚಳಕ್ಕೆ ಒಂದು ಚೌಕ ಬೇಕಾದ್ದರಿಂದ ಒಂದು ಚಾರ್ಟಿನಿಂದ 6 ಪೆಟ್ಟಿಗೆಗಳಾಗುತ್ತವೆ. ಮುಚ್ಚಳ ಸಲೀಸಾಗಿ ಕೂರಲು ಪೆಟ್ಟಿಗೆಯ ಚೌಕವನ್ನು ಒಂದಕ್ಕೊಂದು ತಾಗಿರುವ ಎರಡು ಪಕ್ಕಗಳಲ್ಲಿ ಅರ್ಧರ್ಧ ಸೆಂ.ಮೀ. ಕತ್ತರಿಸಿ 17.2 ಮಾಡಿ. ಮಡಿಸಿದ ಮೇಲೆ ತಳದ ಪಕ್ಕ ಸುಮಾರು 6 ಸೆಂ.ಮೀ., ಎತ್ತರ 3 ಸೆಂ.ಮೀ. ಆಗುತ್ತದೆ, 50 ಗ್ರಾಂ ಗೋಡಂಬಿ ಹಿಡಿಸುತ್ತದೆ. ಬೇರೆ ಗಾತ್ರ ಬೇಕಿದ್ದರೆ ನೆನಪಿಡಬೇಕಾದದ್ದು ಇಷ್ಟೇ: ಚೌಕದ ಪಕ್ಕವನ್ನು 2.83ರಿಂದ ಭಾಗಿಸಿದರೆ ತಳದ ಅಳತೆ, ಅದರ ಅರ್ಧ ಎತ್ತರ.

ಮಡಿಸುವ ಬಗೆಯನ್ನು ಒಂದು ತುಂಡು ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ಓದಿ. ಚೌಕವನ್ನು ಮೂಲೆಯಿಂದ ಮೂಲೆಗೆ ಎರಡು ಸಲ ಮಡಿಸಿ ಬಿಡಿಸಿದರೆ ನಡುವಿನ ಬಿಂದು ಗೊತ್ತಾಗುತ್ತದೆ. ನಾಲ್ಕು ಮೂಲೆಗಳನ್ನೂ ಆ ಬಿಂದುವಿಗೆ ತಂದು ಮಡಿಸಿ; ಈಗ ಸಣ್ಣ ಚೌಕವಾಯಿತು. ಈ ಸಣ್ಣ ಚೌಕದ ಎದುರುಬದುರು ಅಂಚುಗಳನ್ನು ನಡುಗೆರೆಗೆ ತಂದು ಮಡಿಸಿ ಗೆರೆ ಮೂಡಿಸಿ ಬಿಡಿಸಿ. ಉಳಿದ ಎರಡು ಅಂಚುಗಳನ್ನೂ ಹಾಗೆಯೇ ಮಾಡಿ. ಆಮೇಲೆ ಎದುರುಬದುರು ಇರುವ ಎರಡು ಮೂಲೆಗಳನ್ನು ಮಾತ್ರ ಪೂರ್ತಿ ಬಿಡಿಸಿ, ಬಿಡಿಸದೆ ಉಳಿದ ಎರಡು ಪಕ್ಕಗಳನ್ನು ಗೋಡೆಯಂತೆ ನೇರ ನಿಲ್ಲಿಸಿ. ಬಿಡಿಸಿದ ತುದಿಯನ್ನು ಮೇಲಕ್ಕೆತ್ತುವಾಗ ಅದರ ಎರಡು ಮಗ್ಗುಲುಗಳು ಹಳೆಯ ಗೆರೆಗಳ ಮೇಲೆ ತಾವಾಗಿಯೇ ಒಳಕ್ಕೆ ಮಡಚುತ್ತವೆ. ಆ ತುದಿಯನ್ನು ಗೋಡೆಯ ಮೇಲಿಂದ ಒಳಗೆ ಇಳಿಸಿ ತಳದ ನಡುವಿಗೆ ಒತ್ತಿದರೆ ಒಂದು ಪಕ್ಕ ಮುಗಿಯಿತು, ಎದುರಿನದೂ ಹಾಗೆಯೇ. ಪ್ರತಿ ಗೆರೆಯನ್ನೂ ಚಮಚದ ಬೆನ್ನಿನಿಂದ ಉಜ್ಜಿ ತೀಡಬೇಕು. ಪೆಟ್ಟಿಗೆಯ ಅಂದವೆಲ್ಲ ಆ ತೀಡುವಿಕೆಯಲ್ಲಿದೆ. ತೀರ ದಪ್ಪದ ಕಾಗದ ಮಡಿಕೆಯಲ್ಲಿ ಒಡೆಯುತ್ತದೆ, ಪುಸ್ತಕಕ್ಕೆ ಹೊದಿಸುವ ಬ್ರೌನ್ ಪೇಪರ್ ಒಂಟಿಯಾಗಿ ತುಸು ಮೆತ್ತಗೆ. ಅದನ್ನೇ ಎರಡು ಪದರ ಹಿಡಿದು ಮಡಿಸಿದರೆ ಚೆನ್ನಾಗಿ ನಿಲ್ಲುತ್ತದೆ.

ತಿನಿಸಿಗೆ ಹಳೆಯ ಪತ್ರಿಕೆಯನ್ನು ಒಳಹೊದಿಕೆಯಾಗಿಯೂ ಬಳಸಬಾರದು. ಮುದ್ರಣದ ಮಸಿ ಆಹಾರಕ್ಕೆ ಇಳಿಯುವುದರಿಂದ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳು ಪತ್ರಿಕೆಯಲ್ಲಿ ಆಹಾರ ಕಟ್ಟುವುದನ್ನು ನಿಷೇಧಿಸಿವೆ. ಜಿಡ್ಡಿನ ತಿನಿಸನ್ನು ಬೆಣ್ಣೆ ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡಿ; ಲಾಡು ಪೂರ್ತಿ ತಣಿಯದೆ ಸುತ್ತಿದರೆ ಒಳಗೆ ಬೆವರುತ್ತದೆ. ಪಿನ್ನು ಹೊಡೆಯಲೇಬೇಡಿ. ಮಕ್ಕಳು ಕಾರಿನಲ್ಲೇ ಪೊಟ್ಟಣ ಬಿಚ್ಚುತ್ತಾರೆ.

ಬೀಜಗಳಿಗೆ ಪೆಟ್ಟಿಗೆ ಬೇಡ. ದೇವಸ್ಥಾನದಲ್ಲಿ ಗಂಧ ಪ್ರಸಾದ, ವೈದ್ಯರಲ್ಲಿ ಮದ್ದಿನ ಪುಡಿ ಕಟ್ಟಿಕೊಡುವ ಪೊಟ್ಟಣದ ಮಡಿಕೆಯೇ ಸಾಕು. ಎ4 ಹಾಳೆಯ ಕಾಲುಭಾಗದಲ್ಲಿ ಎರಡು ಚಮಚ ಅಲಸಂಡೆ ಅಥವಾ ಬೆಂಡೆ ಬೀಜ ಸುಲಭವಾಗಿ ಹಿಡಿಸುತ್ತದೆ. ಹರಿವೆಯ ಬೀಜ ಸಾಸಿವೆಗಿಂತಲೂ ಸಣ್ಣದಾದ್ದರಿಂದ ಮೂಲೆಗಳಿಂದ ಸೋರುತ್ತದೆ, ಅಂಚುಗಳನ್ನು ಎರಡೆರಡು ಸಲ ಮಡಿಸಬೇಕು. ಏಪ್ರಿಲ್, ಮೇ ತಿಂಗಳ ಮದುವೆಗೆ ಬೀಜದ ಪೊಟ್ಟಣಕ್ಕಿಂತ ಒಳ್ಳೆಯ ಕೊಡುಗೆಯನ್ನು ನಾನು ಕಂಡಿಲ್ಲ. ಮನೆಗೆ ಒಯ್ದವರಿಗೆ ಬಿತ್ತಲು ಮಳೆಗಾಲ ಎದುರಿಗೇ ಇರುತ್ತದೆ. ಮೇಲೆ ಬೀಜದ ಹೆಸರನ್ನು ಮರೆಯದೆ ಬರೆಯಿರಿ.

ಅಡಿಕೆ ಹಾಳೆಯ ಸಂಚಿ

ಅಡಿಕೆ ಸೋಗೆಯ ಬುಡದಲ್ಲಿರುವ ಅಗಲವಾದ ಪೊರೆಯೇ ಹಾಳೆ. ಇದು ಹಣ ಕೊಡದೆ ಸಿಗುವ, ಆದರೆ ಎಲ್ಲಕ್ಕಿಂತ ಹೆಚ್ಚು ಎಚ್ಚರಿಕೆ ಬೇಡುವ ಸಾಮಗ್ರಿ. ಒಂದು ಅಡಿಕೆ ಮರ ವರ್ಷಕ್ಕೆ ಆರೇಳು ಹಾಳೆ ಉದುರಿಸುತ್ತದೆ ಎಂದು ಹಿಡಿದರೂ ನೂರು ಮರಗಳ ತೋಟದಲ್ಲಿ ತಿಂಗಳಿಗೆ ಐವತ್ತಾದರೂ ಹಾಳೆಗಳು ಸಿಗುತ್ತವೆ. ಮುಟ್ಟಾಳೆ (ಹಾಳೆಯ ಟೋಪಿ) ಇಟ್ಟು ತೋಟಕ್ಕೆ ಇಳಿದವರಿಗೆ ಹಾಳೆಯ ಗುಣ ಹೇಳಿಕೊಡಬೇಕಾಗಿಲ್ಲ: ಒದ್ದೆಯಾದಾಗ ಚರ್ಮದಂತೆ ಬಾಗುತ್ತದೆ, ಒಣಗಿದಾಗ ಬಾಗಿದ ರೂಪದಲ್ಲೇ ಗಟ್ಟಿಯಾಗುತ್ತದೆ, ಒಣಗಿದ ಮೇಲೆ ಬಾಗಿಸಹೊರಟರೆ ನಾರಿನ ಗುಂಟ ಸೀಳುತ್ತದೆ. ಸಂಚಿಯ ಕೆಲಸವೆಲ್ಲ ಈ ಮೂರು ಗುಣಗಳನ್ನು ಅನುಸರಿಸಿದೆ.

ಡಿಸೆಂಬರಿನಿಂದ ಮಾರ್ಚಿಯೊಳಗೆ, ಬಿದ್ದು ಒಂದೆರಡು ದಿನವಾದ ಹಾಳೆಗಳನ್ನೇ ಹೆಕ್ಕಿ. ತುಂತುರು ನೀರಾವರಿ ಇರುವ ತೋಟದಲ್ಲಾದರೆ ಅದೇ ದಿನ ಹೆಕ್ಕಬೇಕು, ಏಕೆಂದರೆ ನೆಲದ ತೇವ ತಾಗಿದ ಹಾಳೆಯಲ್ಲಿ ಕಪ್ಪು ಚುಕ್ಕೆಗಳು ಬೇಗ ಮೂಡುತ್ತವೆ. ಸೋಗೆಯನ್ನು ಕತ್ತರಿಸಿ ತೆಗೆದು, ತೆಂಗಿನ ನಾರಿನಿಂದ ಉಜ್ಜಿ ತೊಳೆದು, ಗೋಡೆಗೆ ಒರಗಿಸಿ ನಾಲ್ಕೈದು ಬಿಸಿಲು ಕೊಡಿ. ಬೆರಳಿನಿಂದ ತಟ್ಟಿದಾಗ ಟಕಟಕ ಸದ್ದು ಬಂದರೆ ಒಣಗಿದೆ ಎಂದು ತಿಳಿಯಬೇಕು. ಹೀಗೆ ಒಣಗಿಸಿದ್ದನ್ನು ಅಟ್ಟದಲ್ಲಿ ಕಟ್ಟಿಟ್ಟರೆ ಬೇಕಾದಾಗ ತೆಗೆಯಬಹುದು.

ಸಂಚಿ ಮಾಡುವ ದಿನ ಹಾಳೆಯನ್ನು ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿಡಿ. ಬುಡದ ದಪ್ಪ ಭಾಗವನ್ನೂ ತೆಳ್ಳಗಿನ ಎರಡು ಅಂಚುಗಳನ್ನೂ ಬಿಟ್ಟು, ಉಳಿದ ಸಮದಪ್ಪದ ಜಾಗದಲ್ಲಿ ನಾರಿನ ಉದ್ದಕ್ಕೆ 30 ಸೆಂ.ಮೀ., ಅಡ್ಡಕ್ಕೆ 9 ಸೆಂ.ಮೀ. ಇರುವ ಪಟ್ಟಿಗಳನ್ನು ಗಟ್ಟಿ ಕತ್ತರಿಯಿಂದ ಕತ್ತರಿಸಿ. ಒಂದು ಒಳ್ಳೆಯ ಹಾಳೆಯಲ್ಲಿ ನಾಲ್ಕು ಪಟ್ಟಿಗಳು ಸಿಗುತ್ತವೆ; ಬಿರುಕು, ಕಲೆಗಳಿಗೆ ಒಂದಷ್ಟು ಕಳೆದರೂ ನೂರು ಸಂಚಿಗೆ 35 ಹಾಳೆ ಸಾಕು. ನುಣುಪಾದ ಒಳಮೈಯನ್ನು ಹೊರಕ್ಕೆ ಮಾಡಿ, ಪಟ್ಟಿಯ ಮೇಲೆ 11 ಮತ್ತು 22 ಸೆಂ.ಮೀ.ಗಳಲ್ಲಿ ಚಮಚದ ಬೆನ್ನಿನಿಂದ ಅಡ್ಡಗೆರೆ ಒತ್ತಿ. ಮೊದಲ 11 ಸೆಂ.ಮೀ. ಹಿಂಬದಿ, ಮುಂದಿನ 11 ಮುಂಬದಿ, ಉಳಿದ 8 ಮೇಲಿಂದ ಇಳಿಬೀಳುವ ಮುಚ್ಚಳ ಎಂದು ಭಾವಿಸಿದರೆ ಗೊಂದಲವಾಗುತ್ತದೆ. ಪಟ್ಟಿಯ ನಡುಭಾಗವೇ ಬೆನ್ನು, ಒಂದು ತುದಿ ಮೇಲಕ್ಕೆ ಮಡಿದು ಹೊಟ್ಟೆಯಾಗುತ್ತದೆ, 8 ಸೆಂ.ಮೀ.ನ ತುದಿ ಅದರ ಮೇಲೆ ಇಳಿದು ಮುಚ್ಚಳವಾಗುತ್ತದೆ. ಒಳಗೆ ಒಂದೂವರೆ ಸೆಂ.ಮೀ. ದಪ್ಪದ ಮರದ ತುಂಡು ಅಥವಾ ಅಷ್ಟೇ ದಪ್ಪಕ್ಕೆ ಮಡಿಸಿದ ರಟ್ಟನ್ನು ಇಟ್ಟು ಮಡಿಸಿ, ದಾರ ಸುತ್ತಿ, ಹಲಗೆಯ ಕೆಳಗೆ ಭಾರವಿಟ್ಟು ಒಂದು ರಾತ್ರಿ ಬಿಡಿ. ಮರುದಿನ ನೆರಳಿನಲ್ಲಿ, ಅದರ ಮರುದಿನ ಬಿಸಿಲಿನಲ್ಲಿ ಒಣಗಿಸಿ, ಆಮೇಲೆಯೇ ಒಳಗಿನ ತುಂಡು ತೆಗೆಯಿರಿ. ಮೊದಲೇ ಬಿಸಿಲಿಗಿಟ್ಟರೆ ಹಾಳೆ ತಿರುಚಿಕೊಳ್ಳುತ್ತದೆ.

ಪಕ್ಕಗಳನ್ನು ಮುಚ್ಚಲು ಹೊಟ್ಟೆ ಮತ್ತು ಬೆನ್ನಿನ ಅಂಚಿನಿಂದ 1 ಸೆಂ.ಮೀ. ಒಳಗೆ ಮೂರು ಮೂರು ತೂತುಗಳನ್ನು ದಬ್ಬಳದಿಂದ ಮಾಡಿ ಬಾಳೆನಾರನ್ನು ಪೋಣಿಸಬೇಕು. ತೂತುಗಳು ಒಂದೇ ನಾರಿನ ಗೆರೆಯ ಮೇಲೆ ಬಂದರೆ ಹಾಳೆ ಸೀಳುತ್ತದೆ, ನಡುವಿನ ತೂತನ್ನು ತುಸು ಒಳಗೆ ಮಾಡಿದರೆ ಸೀಳುವುದಿಲ್ಲ. ಮರದ ತುಂಡಿನ ಮೇಲಿಟ್ಟೇ ಚುಚ್ಚಿ, ಕೈಯಲ್ಲಿ ಹಿಡಿದು ಚುಚ್ಚಬೇಡಿ.

ನನ್ನ ಮೊದಲ ಸಲದ ನಲವತ್ತು ಸಂಚಿಗಳು ಹಾಳಾದದ್ದು ಒಣಗಿಸುವಲ್ಲಿ ಅವಸರ ಮಾಡಿದ್ದರಿಂದ. ಹೊರಮೈ ಒಣಗಿದಂತೆ ಕಂಡರೂ ಮಡಿಕೆಯೊಳಗೆ ತೇವ ಉಳಿದಿತ್ತು. ಗೋಣಿಯಲ್ಲಿ ತುಂಬಿಟ್ಟು ಎಂಟು ದಿನದ ಮೇಲೆ ಬಿಚ್ಚಿದಾಗ ಬೂದಿಬಣ್ಣದ ಬೂಷ್ಟು ಎಲ್ಲ ಮಡಿಕೆಗಳಲ್ಲಿ ಕುಳಿತಿತ್ತು. ಒರೆಸಿ ಕೊಡಬಹುದಿತ್ತೆಂದು ಕೆಲವರು ಹೇಳಿದರು, ನಾನು ಎಸೆದೆ. ಮದುವೆಯ ಕೊಡುಗೆಯಲ್ಲಿ ಬೂಷ್ಟಿನ ವಾಸನೆ ಸಲ್ಲದು. ಅಂದಿನಿಂದ, ಒಣಗಿದ ಸಂಚಿಗಳನ್ನು ಮುಚ್ಚಳ ತೆರೆದಿಟ್ಟು ಮತ್ತೆ ಎರಡು ಬಿಸಿಲು ಕೊಟ್ಟು, ಬಿಸಿ ಆರಿದ ಮೇಲೆಯೇ ತಗಡಿನ ಡಬ್ಬಿಗೆ ತುಂಬುತ್ತೇನೆ.

ಹಾಳೆಯ ಸಂಚಿಯಲ್ಲಿ ಕುಂಕುಮದ ಭರಣಿ, ಬೀಜದ ಪೊಟ್ಟಣ, ಬಳೆಯಂತಹವುಗಳನ್ನು ಮಾತ್ರ ಇಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ನಾವು ತಲೆಮಾರುಗಳಿಂದ ಹಾಳೆಯಲ್ಲಿ ಉಂಡವರೇ ಆದರೂ, ಅಡಿಕೆ ಹಾಳೆಯ ತಟ್ಟೆಗಳಿಂದ ಅಡಿಕೆಯಲ್ಲಿರುವ ಆಲ್ಕಲಾಯ್ಡ್ ಎಂಬ ರಾಸಾಯನಿಕಗಳು ಆಹಾರಕ್ಕೆ ಸೇರಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರಲ್ಲಿ ಎಚ್ಚರಿಸಿದೆ. ನಮಗೆ ಕಾಗದದ ಪೆಟ್ಟಿಗೆ ಇರುವಾಗ ತಿನಿಸನ್ನು ಹಾಳೆಗೆ ತಾಗಿಸುವ ಅಗತ್ಯವೇ ಇಲ್ಲ.

ಅಂಟು, ಅಚ್ಚು, ಹೆಸರು ಚೀಟಿ

ಎರಡು ಚಮಚ ಮೈದಾವನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಅರೆಪಾರದರ್ಶಕವಾಗುವ ತನಕ ಕಾಯಿಸಿದರೆ ಹೆಸರು ಚೀಟಿ ಅಂಟಿಸಲು ಬೇಕಾದ ಅಂಟು ಸಿದ್ಧ. ಅದು ಎರಡು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲ, ಜಿರಳೆಗಳಿಗೆ ಬಹಳ ಇಷ್ಟ. ತೋಟಕ್ಕೆ ಮದ್ದು ಬಿಡಲೆಂದು ತಂದ ಮೈಲುತುತ್ತನ್ನು ಚಿಟಿಕೆ ಸೇರಿಸಿದರೆ ಹುಳ ಹತ್ತುವುದಿಲ್ಲವೆಂಬ ಹಳೆಯ ಕ್ರಮ ಪುಸ್ತಕದ ರಟ್ಟಿಗೆ ಸರಿ. ಅದು ವಿಷವಾದ್ದರಿಂದ ತಿನಿಸಿನ ಪೊಟ್ಟಣದ ಹತ್ತಿರಕ್ಕೂ ತರಬಾರದು. ಅಂಟನ್ನು ತೆಳ್ಳಗೆ, ನಾಲ್ಕು ಮೂಲೆಗಳಿಗೆ ಮಾತ್ರ ಹಚ್ಚಿ.

ಚಿತ್ತಾರಕ್ಕೆ ಅಚ್ಚು ಕೊಳ್ಳಬೇಕಾಗಿಲ್ಲ. ಬೆಂಡೆಕಾಯಿಯನ್ನು ಅಡ್ಡಕ್ಕೆ ಕತ್ತರಿಸಿದರೆ ಐದು ಎಸಳಿನ ಹೂವು, ಬಾಳೆಲೆಯ ದಂಟನ್ನು ಕತ್ತರಿಸಿದರೆ ಬಲೆ ಬಲೆಯಾದ ವಿನ್ಯಾಸ ಸಿಗುತ್ತದೆ. ಕತ್ತರಿಸಿದ ಮೈಯನ್ನು ಬಟ್ಟೆಯಿಂದ ಒತ್ತಿ ನೀರು ತೆಗೆದು, ಬಣ್ಣ ಹೀರಿದ ಸ್ಪಂಜಿಗೆ ತಾಗಿಸಿ ಒತ್ತಬೇಕು. ಇಪ್ಪತ್ತು ಸಲ ಒತ್ತಿದ ಮೇಲೆ ಹೊಸದಾಗಿ ಕತ್ತರಿಸಿ. ಕಾಗದಕ್ಕೆ ಪೋಸ್ಟರ್ ಬಣ್ಣ, ಬಟ್ಟೆಗೆ ಬಟ್ಟೆಯದೇ ಬಣ್ಣ ಬಳಸಿ, ಒಂದು ದಿನ ಒಣಗಿದ ಮೇಲೆ ಹಿಂಬದಿಯಿಂದ ಇಸ್ತ್ರಿ ಹಾಕಿದರೆ ಬಣ್ಣ ನಿಲ್ಲುತ್ತದೆ. ಅರಸಿನ ಸುಣ್ಣದ ಕೆಂಪು ನೋಡಲು ಸೊಗಸಾದರೂ ಬಿಸಿಲಿಗೆ ಮಾಸುತ್ತದೆ, ಸೀರೆಗಳಿಗೆ ಹತ್ತುತ್ತದೆ; ಬೇಡ.

ಹೆಸರು ಚೀಟಿಯಲ್ಲಿ ವಧೂವರರ ಹೆಸರು, ದಿನಾಂಕ, ಒಳಗಿರುವ ವಸ್ತು ಇಷ್ಟಿದ್ದರೆ ಸಾಕು. ನಮ್ಮ ನೆಂಟರಲ್ಲಿ, ನೆರೆಯವರಲ್ಲಿ, ಹೊಸ ತಲೆಮಾರಿನ ಮಕ್ಕಳಲ್ಲಿ ಮಲಯಾಳ ಮಾತ್ರ ಓದುವವರೂ ಇರುವುದರಿಂದ ಒಂದು ಮಗ್ಗುಲಲ್ಲಿ ಕನ್ನಡ, ಇನ್ನೊಂದರಲ್ಲಿ ಮಲಯಾಳ ಬರೆಯಿಸಿ. ಕನ್ನಡದ ಅಕ್ಷರ ಚೆನ್ನಾಗಿರುವ ಒಬ್ಬರು ಹಿರಿಯರಿಂದ ಬರೆಯಿಸಿ ಅದರ ನೆರಳಚ್ಚು ತೆಗೆದರೆ, ಗಣಕದ ಅಕ್ಷರಕ್ಕಿಲ್ಲದ ಆಪ್ತತೆ ಅದಕ್ಕಿರುತ್ತದೆ. ಒಂದು ಎ4 ಹಾಳೆಯಲ್ಲಿ 24 ಚೀಟಿಗಳು ಹಿಡಿಸುತ್ತವೆ.

ದಿನಗಳ ಹಂಚಿಕೆ

ಹಾಳೆಯನ್ನು ಮದುವೆಗೆ ಎರಡು ತಿಂಗಳು ಮೊದಲೇ ಹೆಕ್ಕಬೇಕು, ಉಳಿದವಕ್ಕೆ ಒಂದು ತಿಂಗಳು ಸಾಕು. ಪ್ರತಿ ಬಗೆಯಲ್ಲೂ ಮೊದಲು ಹತ್ತನ್ನು ಮಾತ್ರ ಮಾಡಿ, ತುಂಬಿ, ಎತ್ತಿ, ಅಲುಗಿಸಿ ನೋಡಿ, ತಗಲಿದ ಸಮಯವನ್ನು ಬರೆದಿಟ್ಟುಕೊಳ್ಳಿ. ಒಂದು ಪೆಟ್ಟಿಗೆಗೆ 4 ನಿಮಿಷವಾದರೆ 200ಕ್ಕೆ 800 ನಿಮಿಷ, ಅಂದರೆ ಒಬ್ಬರಿಗೆ ಹದಿಮೂರು ಗಂಟೆಗೂ ಹೆಚ್ಚು. ನಾಲ್ವರು ಕುಳಿತರೆ ಎರಡು ಸಂಜೆಗಳ ಕೆಲಸ. ಕತ್ತರಿಸುವವರು ಒಬ್ಬರೇ ಇರಲಿ, ಏಕೆಂದರೆ ಅಳತೆ ಕೈ ಬದಲಾದಂತೆ ಬದಲಾಗುತ್ತದೆ. ಮಡಿಸಲು ಎಷ್ಟು ಮಂದಿಯಾದರೂ ಆಗಬಹುದು, ಹತ್ತು ವರ್ಷ ದಾಟಿದ ಮಕ್ಕಳು ದೊಡ್ಡವರಿಗಿಂತ ಅಚ್ಚುಕಟ್ಟಾಗಿ ಮಡಿಸುತ್ತಾರೆ.

ಒಣ ವಸ್ತುಗಳನ್ನು ಮೂರು ದಿನ ಮೊದಲು, ತಿನಿಸನ್ನು ಹಿಂದಿನ ದಿನ, ವೀಳ್ಯದೆಲೆಯನ್ನು ಅದೇ ಬೆಳಿಗ್ಗೆ ತುಂಬಬೇಕು. ವೀಳ್ಯದೆಲೆಗೆ ಬಾಳೆಲೆಯಷ್ಟು ಒಳ್ಳೆಯ ಹೊದಿಕೆ ಇಲ್ಲ. ಎಲೆಯನ್ನು ಕೆಂಡದ ಮೇಲೆ ಹಿಡಿದು ಬಾಡಿಸಿದರೆ ಮಡಿಸುವಾಗ ಸೀಳುವುದಿಲ್ಲ. ಒಂದು ಅಂಗೈಯಗಲದ ತುಂಡಿನಲ್ಲಿ ವೀಳ್ಯದೆಲೆ, ಅಡಿಕೆ ಇಟ್ಟು ಬಾಳೆನಾರಿನಿಂದ ಕಟ್ಟಿ. ಹಿಂದಿನ ರಾತ್ರಿಯೇ ಎಲೆಗಳನ್ನು ಬಾಡಿಸಿ, ನಾರನ್ನು ಅಳತೆಗೆ ಸೀಳಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಬೆಳಗಿನ ಕೆಲಸ ಅರ್ಧವಾಗುತ್ತದೆ. ಕಟ್ಟಿದ ತಾಂಬೂಲವನ್ನು ಚೀಲದಲ್ಲಿ ಎಲ್ಲಕ್ಕಿಂತ ಮೇಲೆ, ಕಾಗದದ ಪೆಟ್ಟಿಗೆಗೆ ತಾಗದಂತೆ ಇಡಿ.

ಸಭಾಭವನಕ್ಕೆ ಸಾಗಿಸುವಾಗ ಕಾಯಿ ತುಂಬಿದ ಚೀಲಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ಒಂದೇ ಸಾಲು ಹಿಡಿಸುವ ಬುಟ್ಟಿಗಳಲ್ಲಿ, ಬುಟ್ಟಿಗೆ 20ರಂತೆ ಎಣಿಸಿ ಇಟ್ಟರೆ ಎಷ್ಟು ಕೊಟ್ಟಾಯಿತು, ಎಷ್ಟು ಉಳಿಯಿತು ಎಂಬುದು ಬುಟ್ಟಿ ನೋಡಿದರೇ ತಿಳಿಯುತ್ತದೆ. ಹಂಚುವ ಮೇಜಿನ ಕೆಳಗೆ ಒಂದು ಕತ್ತರಿ, ಹತ್ತು ಹೆಚ್ಚಿನ ದಾರ, ಸೂಜಿ ನೂಲು, ನಾಲ್ಕು ಖಾಲಿ ಚೀಲ ಇರಲಿ. ಹಂಚುವುದು ಊಟ ಮುಗಿಸಿ ಕೈತೊಳೆದು ಬರುವ ದಾರಿಯಲ್ಲಿ ಬೇಡ, ಒದ್ದೆ ಕೈಗಳಿಗೆ ಕಾಗದದ ಪೊಟ್ಟಣ ತಡೆಯುವುದಿಲ್ಲ. ಚಪ್ಪಲಿ ಬಿಡುವ ಬಾಗಿಲಿನ ಬಳಿ, ಹೊರಡುವ ಮಾತಾಡಿ ನಿಂತಲ್ಲಿ, ಮನೆಯವರೇ ಇಬ್ಬರು ನಿಂತು ಎರಡೂ ಕೈಯಿಂದ ಕೊಡಬೇಕು.